ಹಳೇ ಸಿಟಿ ವಿಟೆಕ್, ಜಿಪ್ಸಿಯಲ್ಲಿ ಚೆಕ್ ಎಂಜಿನ್ ಲೈಟ್ ಹತ್ತಿದೆಯೇ? ಸೆನ್ಸರ್ ಕೊಳ್ಳುವ ಮುಂಚೆ ಇದನ್ನು ಓದಿ

ಮಳೆ ಬಿಟ್ಟಿದೆ. ಮೂರು ತಿಂಗಳಿಂದ ಶೆಡ್ಡಿನಲ್ಲೋ, ಕಣದ ಪಕ್ಕದ ಶೀಟಿನ ಕೆಳಗೋ ಟಾರ್ಪಲ್ ಹೊದ್ದು ಕೂತಿದ್ದ ಗಾಡಿಗಳು ಆಯುಧಪೂಜೆಗೆ ಹೊರಗೆ ಬರುತ್ತಿವೆ. ವಾಟರ್ ಸರ್ವಿಸ್ ಮುಂದೆ ಸಾಲು. ಎಂಜಿನ್ ರೂಮಿಗೂ ಪ್ರೆಶರ್ ಹೊಡೆಸಿ, ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಪೂಜೆ ಮುಗಿಸುವಷ್ಟರಲ್ಲಿ ಮೀಟರ್ ಬೋರ್ಡಿನಲ್ಲಿ ಹಳದಿ ಬಣ್ಣದ ಎಂಜಿನ್ ಚಿತ್ರ ಹತ್ತಿಕೊಂಡಿರುತ್ತದೆ. ಗಾಡಿ ನಿಂತಲ್ಲೇ ಗಡಗಡ ಅನ್ನುತ್ತದೆ, ಏರಿನಲ್ಲಿ ಎಳೆಯೋದಿಲ್ಲ. ಮಾರನೇ ದಿನ ವರ್ಕ್‌ಶಾಪಿನಲ್ಲಿ ಕೇಳಿಬರುವ ಮಾತು ಒಂದೇ: "ಅಣ್ಣಾ, ಸೆನ್ಸರ್ ಹೋಗಿದೆ."

ಹೋಗಿರಬಹುದು. ಹೋಗದೆಯೂ ಇರಬಹುದು. ಇಪ್ಪತ್ತು ವರ್ಷ ದಾಟಿದ ಗಾಡಿಯ ಸೆನ್ಸರ್ ಗೋಣಿಕೊಪ್ಪದಲ್ಲಾಗಲಿ ಮಡಿಕೇರಿಯಲ್ಲಾಗಲಿ ಸುಲಭಕ್ಕೆ ಸಿಗೋದಿಲ್ಲ. ಮೈಸೂರಿಗೆ ಹೇಳಬೇಕು, ಇಲ್ಲವೇ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಪಾರ್ಸೆಲ್ ಬರಬೇಕು. ಬಂದದ್ದನ್ನು ಹಾಕಿದ ಮೇಲೆ ತೊಂದರೆ ಅದಲ್ಲ ಅಂತ ಗೊತ್ತಾದರೆ ವಾಪಸ್ ತಗೊಳ್ಳೋರು ಯಾರೂ ಇಲ್ಲ. ಎಲೆಕ್ಟ್ರಿಕಲ್ ಸಾಮಾನು ವಾಪಸ್ ಇಲ್ಲ ಅನ್ನುವ ಬೋರ್ಡು ಸ್ಪೇರ್ ಪಾರ್ಟ್ಸ್ ಅಂಗಡಿಯ ಗೋಡೆ ಮೇಲೇ ಇರುತ್ತದೆ. ಒಂದಾದ ಮೇಲೆ ಒಂದು ಪಾರ್ಟ್ ಬದಲಾಗಿ, ಲೈಟ್ ಮಾತ್ರ ಹಾಗೇ ಉಳಿದು, ಬೇಸತ್ತು ಒಳ್ಳೆ ಗಾಡಿಯನ್ನು ಗುಜರಿ ರೇಟಿಗೆ ಕೊಟ್ಟವರು ನಮ್ಮ ನಡುವೆ ಇದ್ದಾರೆ.

ಯಾವ ಗಾಡಿಗಳ ಬಗ್ಗೆ ಬರೆಯುತ್ತಿದ್ದೇನೆ ಅಂತ ಮೊದಲೇ ಹೇಳಿಬಿಡುತ್ತೇನೆ. ಎರಡು ಬಾಗಿಲಿನ, ನೆಲಕ್ಕೆ ಅಂಟಿದಂತೆ ಓಡುವ ಸ್ಪೋರ್ಟ್ಸ್ ಕಾರು ನಮ್ಮ ತೋಟದ ರಸ್ತೆಗಳಲ್ಲಿ ಒಂದು ವಾರವೂ ಬಾಳೋದಿಲ್ಲ. ನಮ್ಮವರ ಸ್ಪೋರ್ಟ್ಸ್ ಕಾರುಗಳೇ ಬೇರೆ. 2000ದಲ್ಲಿ ಬಂದ 106 ಬಿಎಚ್‌ಪಿಯ ಹೋಂಡಾ ಸಿಟಿ ವಿಟೆಕ್, 100 ಬಿಎಚ್‌ಪಿಯ ಫಿಯಟ್ ಪಾಲಿಯೊ 1.6, ಫೋರ್ಡ್ ಐಕಾನ್ 1.6, ಮಾರುತಿಯ ಎಸ್ಟೀಮ್, ಬಲೆನೊ. ಇವೆಲ್ಲಕ್ಕಿಂತ ಹೆಚ್ಚಾಗಿ 1.3 ಲೀಟರ್ ಎಂಪಿಎಫ್‌ಐ ಜಿಪ್ಸಿ. ರ‍್ಯಾಲಿ, ಆಟೋಕ್ರಾಸ್ ಹುಚ್ಚು ಇರುವ ಹುಡುಗರು ಈಗಲೂ ಹುಡುಕುವುದು ಇವನ್ನೇ. ಅಪ್ಪ ಓಡಿಸಿದ ಗಾಡಿ ಅಂತ ಮಾರದೆ ಇಟ್ಟುಕೊಂಡವರೂ ಬೇಕಾದಷ್ಟು ಜನ ಇದ್ದಾರೆ.

ಕಂಪ್ಯೂಟರ್‌ಗೆ ಕಾಣೋದು ಏನು?

ಒಂದು ವಿಷಯ ಮೊದಲು ತಲೆಗೆ ಹೋಗಬೇಕು. ಚೆಕ್ ಎಂಜಿನ್ ಲೈಟ್ ಹತ್ತಿಸುವ ಇಸಿಯು, ಅಂದರೆ ಎಂಜಿನ್ ಕಂಪ್ಯೂಟರ್, ಬಾನೆಟ್ ಒಳಗೆ ಇಣುಕಿ ನೋಡೋದಿಲ್ಲ. ಅದಕ್ಕೆ ಕಾಣೋದು ತನ್ನ ಹತ್ತಿರ ಬಂದು ಮುಟ್ಟುವ ವೈರಿನ ತುದಿಯ ವೋಲ್ಟೇಜ್ ಮಾತ್ರ.

ಕೂಲಂಟ್ ಟೆಂಪರೇಚರ್ ಸೆನ್ಸರ್ ಉದಾಹರಣೆಗೆ ತಗೊಳ್ಳಿ. ನೀರು ಎಷ್ಟು ಬಿಸಿಯಾಗಿದೆ ಅಂತ ಹೇಳುವ ಬೆರಳಿನಷ್ಟು ದೊಡ್ಡ ಪಾರ್ಟ್ ಅದು. ಕಂಪ್ಯೂಟರ್ ಅದಕ್ಕೆ 5 ವೋಲ್ಟ್ ಕಳಿಸುತ್ತದೆ. ತಣ್ಣಗಿದ್ದಾಗ, ಸುಮಾರು 20 ಡಿಗ್ರಿಯಲ್ಲಿ, ಸೆನ್ಸರ್‌ನ ರೆಸಿಸ್ಟೆನ್ಸ್ 2ರಿಂದ 3 ಕಿಲೋ ಓಮ್ ಆಸುಪಾಸು. 80 ಡಿಗ್ರಿಗೆ ಬಿಸಿಯಾದಾಗ ಅದು 300 ಓಮ್ ಹತ್ತಿರ ಇಳಿಯುತ್ತದೆ. ರೆಸಿಸ್ಟೆನ್ಸ್ ಇಳಿದ ಹಾಗೆ ವೋಲ್ಟೇಜೂ ಇಳಿಯುತ್ತದೆ. ಅದನ್ನು ನೋಡಿ ಕಂಪ್ಯೂಟರ್ ಎಷ್ಟು ಪೆಟ್ರೋಲ್ ಬಿಡಬೇಕು ಅಂತ ಲೆಕ್ಕ ಹಾಕುತ್ತದೆ.

ಈಗ ಇಲಿಯೊಂದು ಆ ವೈರ್ ಕಡಿಯಿತು ಅಂದುಕೊಳ್ಳಿ. 5 ವೋಲ್ಟ್ ಎಲ್ಲೂ ಇಳಿಯದೆ ಹಾಗೇ ನಿಲ್ಲುತ್ತದೆ. ಕಂಪ್ಯೂಟರ್ ಲೆಕ್ಕದಲ್ಲಿ ಎಂಜಿನ್ ನೀರು ಮೈನಸ್ 40 ಡಿಗ್ರಿ! ಮಡಿಕೇರಿಯಲ್ಲಿ ಎಷ್ಟೇ ಚಳಿ ಅಂದರೂ ಅಷ್ಟು ಚಳಿ ಇಲ್ಲ ತಾನೇ. ಅದು ಲೈಟ್ ಹತ್ತಿಸಿ, ಕೂಲಂಟ್ ಸೆನ್ಸರ್ ಸರ್ಕ್ಯೂಟ್ ಅಂತ ಒಂದು ನಂಬರ್ ಬರೆದಿಡುತ್ತದೆ. ಸೆನ್ಸರ್ ಒಳಗೇ ಕಡಿದುಹೋಗಿದ್ದರೂ ಅದೇ ನಂಬರ್. ಕನೆಕ್ಟರ್‌ನಲ್ಲಿ ಹಸಿರು ಪಾಚಿಯಂತೆ ತುಕ್ಕು ಹಿಡಿದಿದ್ದರೂ ಅದೇ ನಂಬರ್. ಮೂರಕ್ಕೂ ಕಂಪ್ಯೂಟರ್ ಕಣ್ಣಲ್ಲಿ ವ್ಯತ್ಯಾಸವೇ ಇಲ್ಲ.

ಅಂದರೆ ಕೋಡ್ ಹೇಳೋದು ಯಾವ ದಾರಿಯಲ್ಲಿ ಹುಡುಕಬೇಕು ಅಂತ. ಯಾವ ಪಾರ್ಟ್ ಕೊಳ್ಳಬೇಕು ಅಂತ ಅಲ್ಲ. ಸ್ಕ್ಯಾನರ್ ಹಾಕಿ, ಬಂದ ಹೆಸರು ನೋಡಿ, ಅದೇ ಹೆಸರಿನ ಪಾರ್ಟ್ ಆರ್ಡರ್ ಮಾಡೋದು ರಿಪೇರಿ ಅಲ್ಲ, ಲಾಟರಿ.

ಹಳದಿ ಬೇರೆ, ಕೆಂಪು ಬೇರೆ

ಕೋಡ್ ಓದುವ ಮುಂಚೆ ಕೆಂಪು ಲೈಟ್‌ಗಳ ಮಾತು ಮುಗಿಸೋಣ. ಯಾಕಂದರೆ ದೊಡ್ಡ ನಷ್ಟ ಆಗೋದು ಅಲ್ಲೇ.

ಚೆಕ್ ಎಂಜಿನ್ ಹಳದಿ. ಹತ್ತಿ ಹಾಗೇ ನಿಂತಿದ್ದರೆ, ಗಾಡಿ ಸುಮಾರಾಗಿ ಓಡುತ್ತಿದ್ದರೆ, ನಿಧಾನಕ್ಕೆ ಮನೆಗೋ ವರ್ಕ್‌ಶಾಪಿಗೋ ಹೋಗಬಹುದು. ಸ್ವಲ್ಪ ಹೊಸ ಗಾಡಿಗಳಲ್ಲಿ ಅದು ಮಿಣುಕ್ ಮಿಣುಕ್ ಅನ್ನುತ್ತಿದ್ದರೆ ಸಿಲಿಂಡರ್ ಜೋರಾಗಿ ಮಿಸ್ ಹೊಡೆಯುತ್ತಿದೆ ಅಂತ ಅರ್ಥ. ಸುಡದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿಯುತ್ತದೆ, ಕನ್ವರ್ಟರ್ ಕೆಂಪಗೆ ಕಾಯುತ್ತದೆ. ಒಣ ಹುಲ್ಲಿನ ಮೇಲೆ ಅಂಥ ಗಾಡಿ ನಿಲ್ಲಿಸಲೇಬೇಡಿ.

ಆಯಿಲ್ ಕ್ಯಾನಿನ ಕೆಂಪು ಚಿತ್ರ ಹತ್ತಿದರೆ ಮಾತ್ರ ಮನೆ ಎಷ್ಟು ಹತ್ತಿರ ಅಂತ ಲೆಕ್ಕ ಹಾಕಬೇಡಿ. ಪಕ್ಕಕ್ಕೆ ಹಾಕಿ, ಕೀ ಆಫ್ ಮಾಡಿ. ಆಯಿಲ್ ಕಡಿಮೆಯಾಗಿದೆ ಅಂತ ಮೊದಲೇ ಹೇಳುವ ಲೈಟ್ ಅಂತ ತುಂಬ ಜನ ಅದನ್ನು ತಿಳಿದಿದ್ದಾರೆ. ಅದು ಆಯಿಲ್ ಲೆವೆಲ್ ಹೇಳೋದಿಲ್ಲ, ಪ್ರೆಶರ್ ಹೇಳುತ್ತದೆ. ಅದು ಹತ್ತುವಷ್ಟರಲ್ಲಿ ಬೇರಿಂಗ್‌ಗಳಿಗೆ ಆಯಿಲ್ ಹೋಗೋದು ಹೆಚ್ಚುಕಡಿಮೆ ನಿಂತೇ ಹೋಗಿರುತ್ತದೆ. ಒಂದು ನಿಮಿಷ ಹಾಗೇ ಓಡಿಸಿದರೂ ಎಂಜಿನ್ ಸೀಜ್ ಆಗಬಹುದು.

ನಮ್ಮ ಘಾಟ್‌ಗಳಲ್ಲಿ ಇದಕ್ಕೊಂದು ಮುನ್ಸೂಚನೆ ಇದೆ. ನೇರ ರಸ್ತೆಯಲ್ಲಿ ಏನೂ ಇಲ್ಲ. ಹೇರ್‌ಪಿನ್ ತಿರುವಿನಲ್ಲಿ ಮಾತ್ರ ಆಯಿಲ್ ಲೈಟ್ ಒಂದು ಸಲ ಕಣ್ಣು ಹೊಡೆದು ಆರುತ್ತದೆ. ಲೆವೆಲ್ ಕಮ್ಮಿ ಇದ್ದಾಗ ತಿರುವಿನ ರಭಸಕ್ಕೆ ಆಯಿಲ್ ಒಂದು ಕಡೆಗೆ ಸರಿದು ಪಂಪಿನ ಬಾಯಿಗೆ ಗಾಳಿ ಸಿಗುತ್ತದೆ. ವೈರಿಂಗ್ ಲೂಸ್ ಇರಬೇಕು ಅಂತ ಸುಮ್ಮನಾಗಬೇಡಿ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಐದು ನಿಮಿಷ ಬಿಟ್ಟು ಡಿಪ್ ಸ್ಟಿಕ್ ಎಳೆದು ನೋಡಿ.

ಟೆಂಪರೇಚರ್ ಮುಳ್ಳು ಮೇಲೆ ಹೋಗುತ್ತಿದ್ದರೆ, ಸಂಪಾಜೆಯಿಂದ ಮಡಿಕೇರಿಗೆ ಹತ್ತುವಾಗ ಇದು ಮಾಮೂಲು ದೃಶ್ಯ, ಮೊದಲು ಎಸಿ ಆಫ್ ಮಾಡಿ. ಹೀಟರನ್ನು ಪೂರ್ತಿ ಬಿಸಿಗೆ ಇಟ್ಟು ಬ್ಲೋವರ್ ಜೋರು ಮಾಡಿ. ಒಳಗೆ ಕೂತವರಿಗೆ ಹಿಂಸೆ ನಿಜ. ಆದರೆ ಹೀಟರ್ ಕೂಡ ಒಂದು ಚಿಕ್ಕ ರೇಡಿಯೇಟರ್ರೇ, ಎಂಜಿನ್ ಬಿಸಿಯನ್ನು ಸ್ವಲ್ಪ ಹೊರಗೆ ಎಳೆಯುತ್ತದೆ. ಇಳಿಯದಿದ್ದರೆ ನಿಲ್ಲಿಸಲೇಬೇಕು. ರೇಡಿಯೇಟರ್ ಮುಚ್ಚಳವನ್ನು ಬಿಸಿ ಇದ್ದಾಗ ತೆಗೆಯಬೇಡಿ, ಮುಖ ಕೈ ಸುಟ್ಟುಕೊಂಡವರ ಕಥೆ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ ಮಾತು ಇನ್ನೊಂದಿದೆ: ಹೆಚ್ಚಾಗಿದ್ದ ಮುಳ್ಳು ಇದ್ದಕ್ಕಿದ್ದ ಹಾಗೆ ತಣ್ಣಗೆ ಕೆಳಗೆ ಬಿದ್ದರೆ ಖುಷಿ ಪಡಬೇಡಿ. ನೀರೆಲ್ಲ ಸೋರಿ ಹೋಗಿ ಸೆನ್ಸರ್ ಬರೀ ಗಾಳಿಯಲ್ಲಿ ನಿಂತಿದ್ದರೂ ಮುಳ್ಳು ಹಾಗೆ ಇಳಿಯಬಹುದು. ಆಮೇಲೆ ಸಿಗೋದು ಹೆಡ್ ಗ್ಯಾಸ್ಕೆಟ್ ಬಿಲ್ಲು.

ಬ್ಯಾಟರಿ ಚಿತ್ರದ ಲೈಟ್ ಅಂದರೆ ಡೈನಮೊ ಚಾರ್ಜ್ ಮಾಡುತ್ತಿಲ್ಲ ಅಂತ. ಹಗಲು ಹೊತ್ತು, ಎಸಿ ಇಲ್ಲದೆ, ಸ್ವಲ್ಪ ದೂರ ಹೋಗಬಹುದು ಅನ್ನುತ್ತಾರೆ. ಜಿಪ್ಸಿಯಲ್ಲಿ ಆ ಧೈರ್ಯ ಬೇಡ. ಅದರಲ್ಲಿ ಡೈನಮೊ, ವಾಟರ್ ಪಂಪ್ ಎರಡನ್ನೂ ತಿರುಗಿಸೋದು ಒಂದೇ ಬೆಲ್ಟು. ಬ್ಯಾಟರಿ ಲೈಟ್ ಹತ್ತಿ, ಹಿಂದೆಯೇ ಟೆಂಪರೇಚರ್ ಏರಿದರೆ ಬೆಲ್ಟು ಕಡಿದಿದೆ ಅಂತ ಬಾನೆಟ್ ತೆರೆಯುವ ಮುಂಚೆಯೇ ಹೇಳಬಹುದು. ಮಾಕುಟ್ಟ ದಾರಿಯಲ್ಲಿ ಕಾಡಿನ ನಡುವೆ ಫೋನ್ ನೆಟ್‌ವರ್ಕೂ ಸಿಗದ ಜಾಗದಲ್ಲಿ ಇದು ಆದರೆ ಡಿಕ್ಕಿಯಲ್ಲಿರುವ ಒಂದು ಹಳೇ ಬೆಲ್ಟು, ಎರಡು ಸ್ಪ್ಯಾನರ್ ಬಂಗಾರಕ್ಕೆ ಸಮ.

ಕೋಡ್ ಓದೋದು ಹೇಗೆ?

ಇಂಟರ್ನೆಟ್‌ನಲ್ಲಿ ಕೆಲವು ನೂರು ರೂಪಾಯಿಗೆ ಬ್ಲೂಟೂತ್ ಸ್ಕ್ಯಾನರ್ ಸಿಗುತ್ತದೆ, ಮೊಬೈಲಿಗೆ ಜೋಡಿಸಿದರೆ ಆಯ್ತು ಅಂತ ತರಿಸಿಕೊಂಡು, ಹಳೇ ಗಾಡಿಗೆ ಚುಚ್ಚಿ, ಏನೂ ಬರಲಿಲ್ಲ ಅಂತ ಬೇಜಾರಾದವರು ಇದ್ದಾರೆ. ಕಾರಣ ಇದೆ. ಎಲ್ಲ ಕಂಪನಿಯ ಗಾಡಿಗಳೂ ಒಂದೇ ಭಾಷೆಯಲ್ಲಿ ಮಾತಾಡಬೇಕು ಅನ್ನುವ ಒಬಿಡಿ-2 ಪದ್ಧತಿ ಅಮೆರಿಕದಲ್ಲಿ 1996ರಲ್ಲೇ ಕಡ್ಡಾಯವಾಯಿತು. ನಮ್ಮ ದೇಶದಲ್ಲಿ 2010ರ ಏಪ್ರಿಲ್‌ನಿಂದ ಅದರ ಮೊದಲ ಹಂತ, 2013ರ ಏಪ್ರಿಲ್‌ನಿಂದ ಎರಡನೇ ಹಂತ ಬಂತು. ಅದಕ್ಕೂ ಮುಂಚಿನ ಗಾಡಿಗಳಲ್ಲಿ ಒಂದೊಂದು ಕಂಪನಿಗೆ ಒಂದೊಂದು ಭಾಷೆ. ಸ್ಟೀರಿಂಗ್ ಕೆಳಗೆ 16 ಪಿನ್ ಸಾಕೆಟ್ ಇದ್ದರೂ ಅಗ್ಗದ ಸ್ಕ್ಯಾನರ್ ಜೊತೆ ಅದು ಮಾತಾಡಬೇಕು ಅಂತ ಇಲ್ಲ.

ಹಾಗಂತ ದಾರಿ ಇಲ್ಲ ಅಂತಲ್ಲ. ಆ ಕಾಲದ ಹೋಂಡಾ, ಸುಜುಕಿ ಎಂಜಿನ್‌ಗಳು ಸ್ಕ್ಯಾನರ್ ಇಲ್ಲದೆಯೇ ಕೋಡ್ ಹೇಳುತ್ತವೆ, ಅದೇ ಚೆಕ್ ಎಂಜಿನ್ ಲೈಟ್ ಮಿಣುಕಿಸಿ. ಹೋಂಡಾದಲ್ಲಿ ಡ್ಯಾಶ್‌ಬೋರ್ಡ್ ಕೆಳಗೆ ಎಲ್ಲಿಗೂ ಜೋಡಿಸದ, ಎರಡು ಪಿನ್ನಿನ ಒಂದು ಸರ್ವಿಸ್ ಕನೆಕ್ಟರ್ ಇರುತ್ತದೆ. ಕೀ ಆಫ್ ಇದ್ದಾಗ ಆ ಎರಡು ಪಿನ್ನನ್ನು ಒಂದು ತುಂಡು ವೈರಿನಲ್ಲಿ ಸೇರಿಸಿ, ಆಮೇಲೆ ಕೀ ಆನ್ ಮಾಡಬೇಕು, ಸ್ಟಾರ್ಟ್ ಮಾಡಬಾರದು. ಉದ್ದ ಮಿಣುಕು ಹತ್ತರ ಲೆಕ್ಕ, ಗಿಡ್ಡ ಮಿಣುಕು ಬಿಡಿಯ ಲೆಕ್ಕ. ಎರಡು ಉದ್ದ, ಎರಡು ಗಿಡ್ಡ ಅಂದರೆ 22. ಸುಜುಕಿಯಲ್ಲಿ ಮೊದಲ ಸುತ್ತು ಹತ್ತು, ಸ್ವಲ್ಪ ಬಿಟ್ಟು ಬರೋದು ಬಿಡಿ. ಒಂದು ಸಲ ಮಿಣುಕಿ, ನಿಂತು, ಎರಡು ಸಲ ಮಿಣುಕಿದರೆ 12. ಅದು ಬಂದರೆ ಗಾಬರಿ ಬೇಡ, ನನ್ನ ಹತ್ತಿರ ಯಾವ ದೂರೂ ಇಲ್ಲ ಅಂತ ಅರ್ಥ. ಸೇರಿಸುತ್ತಿರೋದು ಸರಿಯಾದ ಕನೆಕ್ಟರೇ ಅಂತ ಗಾಡಿಯ ಮ್ಯಾನ್ಯುಯಲ್ ನೋಡಿ ಖಾತ್ರಿ ಮಾಡಿಕೊಳ್ಳಿ. ಕಂಡ ಕಂಡ ಸಾಕೆಟಿಗೆ ವೈರ್ ಚುಚ್ಚಿದರೆ ಫ್ಯೂಸ್ ಹೋಗಬಹುದು, ಕಂಪ್ಯೂಟರ್ರೇ ಹೋಗಬಹುದು.

ಬಂದ ನಂಬರನ್ನು ಬರೆದಿಟ್ಟುಕೊಳ್ಳಿ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕಂದರೆ ಎಷ್ಟೋ ಕಡೆ ಮೊದಲು ಮಾಡೋದು ಬ್ಯಾಟರಿ ಟರ್ಮಿನಲ್ ತೆಗೆದು ಹಾಕೋದು. ಲೈಟ್ ಆರುತ್ತದೆ. ಗಿರಾಕಿಗೂ ಖುಷಿ, ಮೆಕ್ಯಾನಿಕ್‌ಗೂ ಖುಷಿ. ಎರಡು ದಿನ ಕಳೆದು ಲೈಟ್ ಮತ್ತೆ ಬರುತ್ತದೆ. ಅಷ್ಟರಲ್ಲಿ ಇದ್ದ ಒಂದು ಸಾಕ್ಷಿಯನ್ನೂ ಅಳಿಸಿ ಹಾಕಿರುತ್ತೀರಿ.

ನನ್ನ ಸಿಟಿಯ 22

ನನ್ನ ಹತ್ತಿರ ಇದ್ದ 2002ರ ಸಿಟಿ ವಿಟೆಕ್‌ನ ಕಥೆ ಹೇಳಬೇಕು. ಏರಿನಲ್ಲಿ ಥರ್ಡ್ ಗೇರ್‌ನಲ್ಲಿ ಜೋರಾಗಿ ಎಳೆದಾಗ ಚೆಕ್ ಎಂಜಿನ್ ಹತ್ತುತ್ತಿತ್ತು, ಮೇಲಿನ ಆರ್‌ಪಿಎಂನಲ್ಲಿ ಗಾಡಿಗೆ ಜೀವ ಇರುತ್ತಿರಲಿಲ್ಲ. ಪೇಟೆಯಲ್ಲಿ ನಿಧಾನ ಓಡಿಸಿದರೆ ಏನೂ ಇಲ್ಲ. ಒಂದು ವರ್ಕ್‌ಶಾಪಿನಲ್ಲಿ ವಿಟೆಕ್ ಸೊಲೆನಾಯ್ಡ್ ಹೋಗಿದೆ ಅಂದರು. ಹಳೇ ಗಾಡಿಯಿಂದ ತೆಗೆದದ್ದು ಸಿಕ್ಕಿತು, ಹಾಕಿಸಿದೆ. ಒಂದು ವಾರ ಸರಿ ಇತ್ತು, ಮತ್ತೆ ಅದೇ ಕಥೆ. ಇನ್ನೊಂದು ಕಡೆ ಕಂಪ್ಯೂಟರ್ರೇ ಬದಲಿಸಬೇಕು ಅಂದರು. ಆಗ ಕೋಡ್ ಮಿಣುಕಿಸಿ ನೋಡಿದೆ: 22.

22 ಅಂದರೆ ವಿಟೆಕ್ ಪ್ರೆಶರ್ ಸ್ವಿಚ್. ವಿಟೆಕ್ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿದರೆ ಈ ಕೋಡ್ ತಾನಾಗಿ ಬಿಡಿಸಿಕೊಳ್ಳುತ್ತದೆ. ಆರ್‌ಪಿಎಂ ಏರಿದಾಗ ಕಂಪ್ಯೂಟರ್ ಒಂದು ಸೊಲೆನಾಯ್ಡ್ ತೆರೆಯುತ್ತದೆ. ಎಂಜಿನ್ ಆಯಿಲ್ ಅದೇ ಪ್ರೆಶರ್‌ನಲ್ಲಿ ರಾಕರ್ ಒಳಗೆ ನುಗ್ಗಿ ಚಿಕ್ಕ ಪಿನ್‌ಗಳನ್ನು ತಳ್ಳುತ್ತದೆ. ಆಗ ವಾಲ್ವ್‌ಗಳು ಜಾಸ್ತಿ ತೆರೆದುಕೊಳ್ಳುತ್ತವೆ, ಗಾಡಿ ಹಾರುತ್ತದೆ. ಆಯಿಲ್ ನಿಜಕ್ಕೂ ಬಂತಾ ಅಂತ ಖಾತ್ರಿ ಮಾಡೋದು ಆ ಪ್ರೆಶರ್ ಸ್ವಿಚ್. ಆಜ್ಞೆ ಕೊಟ್ಟೆ, ಪ್ರೆಶರ್ ಬರಲಿಲ್ಲ ಅಂತ ಕಂಪ್ಯೂಟರ್‌ಗೆ ಅನ್ನಿಸಿದರೆ ವಿಟೆಕ್ ನಿಲ್ಲಿಸಿ, ಲೈಟ್ ಹತ್ತಿಸುತ್ತದೆ.

ಹಾಗಾದರೆ ಮೊದಲು ನೋಡಬೇಕಾದದ್ದು ಯಾವುದು? ಆಯಿಲ್! ಡಿಪ್ ಸ್ಟಿಕ್ ಎಳೆದರೆ ತುದಿಯಲ್ಲಿ ಮಾತ್ರ ಹಸಿ ಇತ್ತು. ಹಳೇ ಎಂಜಿನ್, ಆಯಿಲ್ ಕುಡಿಯುತ್ತಿತ್ತು. ಡಿಸ್ಟ್ರಿಬ್ಯೂಟರ್ ಹತ್ತಿರದ ರಬ್ಬರ್ ಓ-ರಿಂಗ್‌ನಿಂದ ಜಿನುಗುತ್ತಲೂ ಇತ್ತು. ಒಂದು ಲೀಟರ್‌ಗಿಂತ ಹೆಚ್ಚು ಹಿಡಿಯಿತು. ಸೊಲೆನಾಯ್ಡ್ ಕೆಳಗಿನ ಗ್ಯಾಸ್ಕೆಟ್‌ನಲ್ಲಿ ಕೂತಿರುವ ಸಣ್ಣ ಜಾಲರಿಯಲ್ಲಿ ಕಪ್ಪು ಕೆಸರು ಕಟ್ಟಿತ್ತು, ಅದನ್ನೂ ತೊಳೆದದ್ದಾಯಿತು. ಲೈಟ್ ಮತ್ತೆ ಬರಲಿಲ್ಲ. ಹೊಸ ಸೊಲೆನಾಯ್ಡ್ ಹಾಕಿದಾಗ ವಾರ ಸರಿ ಇದ್ದದ್ದು ಯಾಕೆ ಅಂತ ಆಮೇಲೆ ಹೊಳೆಯಿತು. ಅವತ್ತು ಬಿಚ್ಚಿದಾಗ ಚೆಲ್ಲಿದ್ದಕ್ಕೆ ಅವರು ಸ್ವಲ್ಪ ಆಯಿಲ್ ಸುರಿದಿದ್ದರು ಅಷ್ಟೇ.

ವರ್ಕ್‌ಶಾಪಿನವರನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಡಿಪ್ ಸ್ಟಿಕ್ ನೋಡದೆ ತಿಂಗಳುಗಟ್ಟಲೆ ಓಡಿಸಿದವನು ನಾನೇ.

ಕೊಡಗಿನ ಗಾಡಿಗೆ ಕೊಡಗಿನ ಕಾಯಿಲೆ

ವರ್ಷಕ್ಕೆ 3000 ಮಿಲಿಮೀಟರ್‌ಗಿಂತ ಹೆಚ್ಚು ಮಳೆ ಬೀಳುವ ಮಡಿಕೇರಿಯಂಥ ಊರಿನಲ್ಲಿ ಗಾಡಿ ಕೆಡುವ ರೀತಿ ಬೆಂಗಳೂರಿನ ಹಾಗೆ ಇರೋದಿಲ್ಲ. ಇಲ್ಲಿ ನನ್ನ ಪಟ್ಟಿಯಲ್ಲಿ ಮೊದಲ ಹೆಸರು ಸೆನ್ಸರ್‌ನದ್ದಲ್ಲ, ನೀರಿನದ್ದು.

ವಾಟರ್ ಸರ್ವಿಸ್ ಆದ ಕೂಡಲೇ ಶುರುವಾದ ಮಿಸ್ಸಿಂಗ್ ಆದರೆ ಪ್ಲಗ್ ಕೂತಿರುವ ಗುಳಿಯಲ್ಲಿ ನೀರು ನಿಂತಿದೆಯಾ ನೋಡಿ. ಎಷ್ಟೋ 16 ವಾಲ್ವ್ ಎಂಜಿನ್‌ಗಳಲ್ಲಿ ಪ್ಲಗ್‌ಗಳು ಆಳವಾದ ಬಾವಿಯಲ್ಲಿರುತ್ತವೆ. ನೀರು ಇಳಿದರೆ ಕರೆಂಟು ಪ್ಲಗ್ ತುದಿಗೆ ಹೋಗುವ ಬದಲು ಪಕ್ಕದ ಲೋಹಕ್ಕೆ ಹಾರುತ್ತದೆ. ಅದೇ ಬಾವಿಯಲ್ಲಿ ನೀರಿನ ಬದಲು ಆಯಿಲ್ ಇದ್ದರೆ ಮೇಲಿನ ಕವರ್‌ನ ಸೀಲ್ ಹೋಗಿದೆ ಅಂತ. ಡಿಸ್ಟ್ರಿಬ್ಯೂಟರ್ ಇರುವ ಗಾಡಿಯಾದರೆ ಅದರ ಕ್ಯಾಪ್ ತೆಗೆದು ಒಳಗೆ ಬೆವರಿನಂತೆ ತೇವ ಇದೆಯಾ, ಕೂದಲೆಳೆಯಂಥ ಬಿರುಕು ಇದೆಯಾ ನೋಡಿ. ಬೆಳಿಗ್ಗೆ ಮಂಜಿನಲ್ಲಿ ಸ್ಟಾರ್ಟ್ ಆಗದೆ, ಹತ್ತು ಗಂಟೆ ಬಿಸಿಲಿಗೆ ಬಾನೆಟ್ ತೆರೆದಿಟ್ಟರೆ ಸ್ಟಾರ್ಟ್ ಆಗುವ ಗಾಡಿಗಳ ಕಾಯಿಲೆ ಹೆಚ್ಚಾಗಿ ಇದೇ. ರಾತ್ರಿ ಕತ್ತಲಲ್ಲಿ ಎಂಜಿನ್ ಓಡಿಸಿಟ್ಟು ಬಾನೆಟ್ ತೆರೆದು ನೋಡಿ. ಪ್ಲಗ್ ಲೀಡ್‌ಗಳ ಮೇಲೆ ನೀಲಿ ಕಿಡಿ ಹರಿದಾಡುತ್ತಿದ್ದರೆ ಯಾವ ಸ್ಕ್ಯಾನರೂ ಬೇಡ. ಕೈ ಮಾತ್ರ ದೂರ ಇರಲಿ.

ಎರಡನೇದು ಇಲಿ. ಮಳೆಗಾಲದಲ್ಲಿ ಬೆಚ್ಚಗಿನ ಎಂಜಿನ್ ರೂಮ್‌ಗಿಂತ ಒಳ್ಳೆ ಮನೆ ಅದಕ್ಕೆ ಎಲ್ಲಿ ಸಿಗುತ್ತದೆ? ಏರ್ ಫಿಲ್ಟರ್ ಡಬ್ಬಿಯೊಳಗೆ ಹುಲ್ಲು, ಗೋಣಿ ನಾರು, ಕಾಫಿ ಹೊಟ್ಟು ತುಂಬಿ ಗೂಡು ಮಾಡಿರುತ್ತದೆ. ವೈರ್ ಅನ್ನು ಪೂರ್ತಿ ಕಡಿದರೆ ನಮ್ಮ ಪುಣ್ಯ, ಕಣ್ಣಿಗೆ ಕಾಣುತ್ತದೆ. ಮೇಲಿನ ಪ್ಲಾಸ್ಟಿಕ್ ಮಾತ್ರ ಕೊರೆದು ಬಿಟ್ಟಿದ್ದರೆ ಒಳಗೆ ತಾಮ್ರ ನಿಧಾನಕ್ಕೆ ಹಸಿರಾಗುತ್ತದೆ. ಮಳೆ ಬಂದ ದಿನ ಲೈಟ್ ಹತ್ತುತ್ತದೆ, ಬಿಸಿಲು ಬಂದ ದಿನ ಆರುತ್ತದೆ. ಅದನ್ನು ಹಿಡಿಯಲು ಒಂದು ಸುಲಭ ಉಪಾಯ: ಎಂಜಿನ್ ಐಡ್ಲಿಂಗ್‌ನಲ್ಲಿ ಬಿಟ್ಟು ವೈರಿಂಗ್ ಕಟ್ಟನ್ನು ಒಂದೊಂದು ಕಡೆ ಮೆಲ್ಲಗೆ ಅಲ್ಲಾಡಿಸಿ. ಯಾವ ಜಾಗದಲ್ಲಿ ಎಂಜಿನ್ ಕೆಮ್ಮುತ್ತದೋ ಅಲ್ಲೇ ಬಿಚ್ಚಿ ನೋಡಿ. ಫ್ಯಾನು, ಬೆಲ್ಟಿನಿಂದ ಕೈ, ಲುಂಗಿ, ಶಾಲು ದೂರ.

ಮೂರನೇದು ಅರ್ಥಿಂಗ್. ಬ್ಯಾಟರಿಯ ಮೈನಸ್‌ನಿಂದ ಬಾಡಿಗೆ, ಬಾಡಿಯಿಂದ ಎಂಜಿನ್‌ಗೆ ಹೋಗುವ ದಪ್ಪ ಕೇಬಲ್‌ಗಳ ತುದಿ ತುಕ್ಕು ಹಿಡಿದರೆ ಒಂದರ ಮೇಲೊಂದು ಸಂಬಂಧವೇ ಇಲ್ಲದ ಕೋಡ್‌ಗಳು ಬರುತ್ತವೆ. ನಾಲ್ಕು ಸೆನ್ಸರ್ ಒಂದೇ ದಿನ ಹೋಗಿದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಾಲ್ಕಕ್ಕೂ ಸಾಮಾನ್ಯವಾದದ್ದು ಏನು ಅಂತ ಕೇಳಿ. ಹೆಚ್ಚಾಗಿ ಅದು ಅರ್ಥ್, ಇಲ್ಲವೇ ಬ್ಯಾಟರಿ. ಮಲ್ಟಿಮೀಟರ್ ಇದ್ದರೆ ಎರಡು ನಿಮಿಷದ ಕೆಲಸ. ಎಂಜಿನ್ ಆಫ್ ಇದ್ದಾಗ ಚೆನ್ನಾಗಿ ಚಾರ್ಜ್ ಆದ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು, ಎಂಜಿನ್ ಓಡುವಾಗ 13.8ರಿಂದ 14.5. ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಎಂಜಿನ್ ಬ್ಲಾಕಿನ ಬರಿ ಲೋಹಕ್ಕೆ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ಥ್ ಕೇಬಲ್ ಬಿಚ್ಚಿ, ಮರಳು ಕಾಗದದಲ್ಲಿ ಉಜ್ಜಿ ಬಿಗಿ ಮಾಡಿ. ಖರ್ಚು ಹತ್ತು ರೂಪಾಯಿಯ ಮರಳು ಕಾಗದ.

ಈಗ ಪೆಟ್ರೋಲ್ ವಿಷಯ. ಬಂಕ್‌ಗಳಲ್ಲಿ ಈಗ ಸಿಗುತ್ತಿರೋದು 20 ಪರ್ಸೆಂಟ್ ಎಥನಾಲ್ ಬೆರೆತದ್ದು. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಅರ್ಧ ಟ್ಯಾಂಕ್ ಪೆಟ್ರೋಲ್ ಹಾಕಿ ಜೂನ್‌ನಲ್ಲಿ ನಿಲ್ಲಿಸಿದ ಗಾಡಿಯಲ್ಲಿ, ಟ್ಯಾಂಕಿನ ಗಾಳಿಯ ತೇವ ಹೀರಿಕೊಂಡು, ನೀರು ಜಾಸ್ತಿಯಾದರೆ ಎಥನಾಲ್ ಸಮೇತ ಕೆಳಗೆ ಕೂತುಬಿಡಬಹುದು. ಪಂಪ್ ಮೊದಲು ಎಳೆಯೋದು ಅದನ್ನೇ. ಹಳೇ ರಬ್ಬರ್ ಪೈಪುಗಳು ಎಥನಾಲ್‌ಗೆ ಅಂತ ಮಾಡಿದವಲ್ಲ, ಮೆತ್ತಗಾಗಿ ಬಿರುಕು ಬಿಡುತ್ತವೆ. ಬಾನೆಟ್ ತೆರೆದಾಗ ಪೆಟ್ರೋಲ್ ವಾಸನೆ ಬಂದರೆ ಸ್ಟಾರ್ಟ್ ಮಾಡಲೇಬೇಡಿ, ಮೊದಲು ಪೈಪ್ ನೋಡಿ. ಇಷ್ಟಕ್ಕೇ ಮುಗಿಯೋದಿಲ್ಲ: ಎಥನಾಲ್‌ಗೆ ಸುಡಲು ಗಾಳಿ ಕಮ್ಮಿ ಸಾಕು, ಹಾಗಾಗಿ ಅದೇ ಅಳತೆಯಲ್ಲಿ ಬಿಟ್ಟರೆ ಮಿಕ್ಸ್ಚರ್ ತೆಳುವಾಗುತ್ತದೆ.

ಮಿಕ್ಸ್ಚರ್ ತೆಳು ಅನ್ನುವ ಕೋಡ್, ಹೊಸ ಪದ್ಧತಿಯಲ್ಲಿ ಪಿ0171, ಬಂದಾಗಲೇ ಅತಿ ಹೆಚ್ಚು ತಪ್ಪು ಖರ್ಚು ಆಗೋದು. ಆಕ್ಸಿಜನ್ ಸೆನ್ಸರ್ ಬದಲಿಸಿ ಅನ್ನುತ್ತಾರೆ. ಜ್ವರ ಬಂದಾಗ ಥರ್ಮಾಮೀಟರ್ ಬದಲಿಸಿದ ಹಾಗೆ ಅದು. ಹೊಗೆಯಲ್ಲಿ ಆಕ್ಸಿಜನ್ ಜಾಸ್ತಿ ಇದೆ ಅಂತ ಸೆನ್ಸರ್ ನಿಜವನ್ನೇ ಹೇಳುತ್ತಿರಬಹುದು. ಗಾಳಿ ಎಲ್ಲಿಂದ ಕಳ್ಳತನದಲ್ಲಿ ನುಗ್ಗುತ್ತಿದೆ ಅಂತ ಹುಡುಕಿ: ಬಿರುಕು ಬಿಟ್ಟ ವ್ಯಾಕ್ಯೂಮ್ ಪೈಪು, ಇನ್‌ಟೇಕ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಬ್ರೇಕ್ ಬೂಸ್ಟರಿನ ಪೈಪು. ಐಡ್ಲಿಂಗ್‌ನಲ್ಲಿ ಸುಯ್ ಅನ್ನುವ ಸದ್ದು ಕಿವಿಗೇ ಕೇಳುತ್ತದೆ. ಪೈಪನ್ನು ಬೆರಳಲ್ಲಿ ಹಿಸುಕಿದಾಗ ಐಡ್ಲಿಂಗ್ ಬದಲಾದರೆ ಕಳ್ಳ ಸಿಕ್ಕಿದ. ಅದೂ ಇಲ್ಲದಿದ್ದರೆ ಪೆಟ್ರೋಲ್ ಫಿಲ್ಟರ್, ಪಂಪಿನ ಪ್ರೆಶರ್. ಸೆನ್ಸರ್ ಸರದಿ ಕೊನೆಗೆ.

ಒಂದೇ ಸಿಲಿಂಡರ್ ಮಿಸ್ ಹೊಡೆಯುತ್ತಿದ್ದರೆ ಇನ್ನೂ ಸುಲಭ. ಒಂದೊಂದು ಸಿಲಿಂಡರ್‌ಗೆ ಒಂದೊಂದು ಕಾಯಿಲ್ ಇರುವ ಗಾಡಿಯಲ್ಲಿ ಒಂದನೇ ಸಿಲಿಂಡರ್‌ನ ಕಾಯಿಲ್ ಎರಡನೇದಕ್ಕೆ, ಎರಡನೇದರದ್ದು ಒಂದನೇದಕ್ಕೆ ಹಾಕಿ. ಪಿ0301 ಇದ್ದದ್ದು ಪಿ0302 ಆದರೆ ಕಾಯಿಲ್ ತಪ್ಪು. ಆಗದಿದ್ದರೆ ಪ್ಲಗ್ ಅದಲುಬದಲು ಮಾಡಿ. ಅದಕ್ಕೂ ಕೋಡ್ ಜಾಗ ಬಿಟ್ಟು ಕದಲದಿದ್ದರೆ ಇಂಜೆಕ್ಟರ್, ಕಂಪ್ರೆಶನ್ ಕಡೆ ಹೋಗಿ. ಒಂದು ರೂಪಾಯಿಯ ಪಾರ್ಟ್ ಕೊಳ್ಳದೆ ಮಾಡುವ ಪರೀಕ್ಷೆ ಇದು.

ನಮ್ಮ ಎತ್ತರದಿಂದ ಆಗುವ ಒಂದು ಗೊಂದಲವೂ ಇದೆ. ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್, ಎಂಜಿನ್ ಆಫ್ ಇದ್ದು ಕೀ ಮಾತ್ರ ಆನ್ ಮಾಡಿದಾಗ, ಊರಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಮಂಗಳೂರಿನಲ್ಲಿ ಅದು 101 ಕಿಲೋ ಪ್ಯಾಸ್ಕಲ್ ಹತ್ತಿರ. ಸುಮಾರು 1150 ಮೀಟರ್ ಎತ್ತರದ ಮಡಿಕೇರಿಯಲ್ಲಿ 88ರ ಹತ್ತಿರ. ಮಡಿಕೇರಿಯಲ್ಲಿ 88 ತೋರಿಸಿದರೆ ಸೆನ್ಸರ್ ಸರಿ ಇದೆ. 101 ತೋರಿಸಿದರೇ ಅನುಮಾನ ಪಡಬೇಕು. ಗಾಡಿ ಮಂಗಳೂರಿನಲ್ಲಿ ಎಳೆದ ಹಾಗೆ ಇಲ್ಲಿ ಎಳೆಯೋದಿಲ್ಲ ಅನ್ನುವವರ ದೂರಿಗೂ ಅರ್ಧ ಉತ್ತರ ಇಲ್ಲೇ ಇದೆ. ಗಾಳಿಯೇ ಕಮ್ಮಿ.

ಯಾವ ಲೈಟೂ ಹೇಳದ ಕಾಯಿಲೆ ಒಂದುಂಟು, ಟೈಮಿಂಗ್ ಬೆಲ್ಟ್. ಕಿಲೋಮೀಟರ್ ಓಡಿಲ್ಲ, ಶೆಡ್ಡಲ್ಲೇ ಇತ್ತು ಅಂತ ಬಿಡಬೇಡಿ. ರಬ್ಬರ್‌ಗೆ ವಯಸ್ಸೂ ಲೆಕ್ಕ. ಸಿಟಿ ವಿಟೆಕ್‌ನಲ್ಲಿ ಓಡುವಾಗ ಅದು ಕಡಿದರೆ ವಾಲ್ವ್ ಬಾಗುತ್ತದೆ.

ಕೊಳ್ಳುವವರಿಗೆ

ಇಂಥ ಗಾಡಿ ಸೆಕೆಂಡ್ ಹ್ಯಾಂಡ್ ನೋಡಲು ಹೋಗುವ ಹುಡುಗರಿಗೆ ಒಂದು ಮಾತು. ಮ್ಯೂಸಿಕ್ ಸಿಸ್ಟಂ, ಅಲಾಯ್ ವೀಲ್ ನೋಡುವ ಮುಂಚೆ ಕೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ, ಮೀಟರ್ ಬೋರ್ಡ್ ನೋಡಿ. ಚೆಕ್ ಎಂಜಿನ್, ಆಯಿಲ್, ಬ್ಯಾಟರಿ ಮೂರೂ ಹತ್ತಲೇಬೇಕು. ಸ್ಟಾರ್ಟ್ ಆದ ಮೇಲೆ ಮೂರೂ ಆರಬೇಕು. ಕೀ ಆನ್‌ನಲ್ಲಿ ಚೆಕ್ ಎಂಜಿನ್ ಹತ್ತಲೇ ಇಲ್ಲ ಅಂದರೆ ಗಾಡಿ ಚೆನ್ನಾಗಿದೆ ಅಂತಲ್ಲ, ಬಲ್ಬ್ ತೆಗೆದಿದ್ದಾರೆ ಅಥವಾ ಹಿಂದಿನಿಂದ ಕಪ್ಪು ಟೇಪ್ ಅಂಟಿಸಿದ್ದಾರೆ. ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಆಯಿಲ್ ಲೈಟ್ ಜೊತೆಗೇ, ಅದೇ ಕ್ಷಣದಲ್ಲಿ ಚೆಕ್ ಎಂಜಿನ್ ಲೈಟೂ ಆರಿದರೆ ಎರಡರ ವೈರನ್ನು ಒಟ್ಟಿಗೆ ಕಟ್ಟಿರಬಹುದು, ಅದನ್ನೂ ಗಮನಿಸಿ. ಎಂಜಿನ್ ಬಿಸಿ ಇರುವಾಗಲೇ ತೋರಿಸುವ ಮಾಲೀಕರಿಗೆ, ನಾಳೆ ಬೆಳಿಗ್ಗೆ ತಣ್ಣಗಿದ್ದಾಗ ಬರುತ್ತೇನೆ ಅನ್ನಿ.

ಕೆಎ-12 ನಂಬರಿನ ಹಳೇ ಗಾಡಿಗಳಿಗೆ 15 ವರ್ಷ ದಾಟಿದ ಮೇಲೆ ಆರ್‌ಸಿ ನವೀಕರಣ, ಅದಕ್ಕೆ ಮುಂಚೆ ಹೊಗೆ ತಪಾಸಣೆ ಇದ್ದೇ ಇದೆ. ಕೂಲಂಟ್ ಸೆನ್ಸರ್ ವೈರ್ ಕಡಿದು ಮೈನಸ್ 40 ಅಂತ ತಿಳಿದು ಪೆಟ್ರೋಲ್ ಸುರಿಯುತ್ತಿರುವ ಎಂಜಿನ್ ಆ ತಪಾಸಣೆಯಲ್ಲಿ ಪಾಸಾಗೋದು ಕಷ್ಟ. ಸರ್ಟಿಫಿಕೇಟ್‌ಗೆ ಹೋಗುವ ಹಿಂದಿನ ದಿನ ಬ್ಯಾಟರಿ ತೆಗೆದು ಲೈಟ್ ಆರಿಸಿದರೂ ಹೊಗೆ ಮೀಟರ್ ಮುಂದೆ ಆ ಉಪಾಯ ನಡೆಯೋದಿಲ್ಲ.

ಆಯುಧಪೂಜೆಗೆ ಎಂಜಿನ್ ರೂಮ್ ತೊಳೆಸಲೇಬೇಕು ಅಂತಿದ್ದರೆ ಡಿಸ್ಟ್ರಿಬ್ಯೂಟರ್, ಡೈನಮೊ, ಏರ್ ಫಿಲ್ಟರ್ ಬಾಯಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ, ಪ್ರೆಶರ್ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿ ಅಂತ ಹೇಳಿ. ಸ್ಟಾರ್ಟ್ ಮಾಡುವ ಮುಂಚೆ ಕವರ್ ಬಿಚ್ಚಲು ಮರೆಯಬೇಡಿ.